ಬರೀ ಹಲಗೆ

ಇದು ನಡೆದ ಕಥೆ. ನಡೆದದ್ದು ಅಂದರೆ ಎರಡು ಕಾಲಲ್ಲಿ, ಒಬ್ಬನ ಹೆಗಲ ಮೇಲೆ ಧಡಧಡ ನಡೆದದ್ದು. ಎಲ್ಲಾದರೂ ಸುಳ್ಳು ಅನ್ನಿಸಿದರೆ ಅಲ್ಲಿ ಜೋರಾಗಿ ಚಪ್ಪಾಳೆ ಹೊಡೆಯಿರಿ. ಭಾಷಣ ಕೇಳುವಾಗ ನಾವೆಲ್ಲ ಅದನ್ನೇ ತಾನೇ ಮಾಡಿಕೊಂಡು ಬಂದಿರುವುದು.

ಅವನನ್ನು ಎಲ್ಲರೂ ಕಂಬ ಅಂತಿದ್ದರು. ಪಕ್ಷದ ಸಭೆಗಳಿಗೆ ವೇದಿಕೆ ಕಟ್ಟುವುದು ಅವನ ಕೆಲಸ. ಹಲಗೆ ಹೊರಬೇಕು, ಗೂಟ ಹೊಡೆಯಬೇಕು, ಹಗ್ಗ ಬಿಗಿಯಬೇಕು. ಅಷ್ಟೇ ಆಗಿದ್ದರೆ ಅವನಿಗೆ ಕಂಬ ಅನ್ನುವ ಬಿರುದು ಬರುತ್ತಿರಲಿಲ್ಲ. ವೇದಿಕೆ ಕಟ್ಟಿ ಮುಗಿದ ಮೇಲೆ ಉಳಿದವರೆಲ್ಲ ಬೀಡಿ ಹಚ್ಚಿಕೊಂಡು ನೆರಳಿಗೆ ಹೋಗುತ್ತಿದ್ದರು. ಇವನು ವೇದಿಕೆಯ ಕೆಳಗೆ ಹೋಗುತ್ತಿದ್ದ.

ಕಾರಣ ಏನು ಅಂದರೆ, ರಾಷ್ಟ್ರನಾಯಕರಿಗೆ ಒಂದು ಅಭ್ಯಾಸ. ವಾಕ್ಯ ಮುಗಿದಾಗ ಅವರು ಪೂರ್ಣವಿರಾಮ ಹಾಕುವುದಿಲ್ಲ, ಹಿಮ್ಮಡಿ ಹಾಕುತ್ತಾರೆ. ಧಡ್! ಅವರು ಹಿಮ್ಮಡಿ ಕುಟ್ಟಿದಾಗಲೆಲ್ಲ ಹಲಗೆ ಕುಣಿಯುತ್ತಿತ್ತು. ಹಲಗೆ ಕುಣಿದರೆ ಮೈಕು ಕುಣಿಯುತ್ತಿತ್ತು. ಕೆಳಗೆ ಮರದ ಗೂಟ ಕೊಟ್ಟು ನೋಡಿದರು. ಆ ಧಡ್ ಗೂಟದಲ್ಲಿ ಇಳಿದು ಮೈಕಿಗೆ ಹತ್ತಿ ಫಿರಂಗಿ ಹಾರಿದ ಹಾಗೆ ಕೇಳಿಸಿತು. ಮುಂದಿನ ಸಾಲಿನ ಹಿರಿಯರೊಬ್ಬರು ಎದೆ ಹಿಡಿದುಕೊಂಡರು. ಮರಳ ಮೂಟೆ ಇಟ್ಟರು. ಮೂಟೆ ಕುಸಿಯಿತು. ಮೆತ್ತಗೂ ಇರಬೇಕು, ಗಟ್ಟಿಯಾಗೂ ಇರಬೇಕು, ಹೇಳಿದ್ದಕ್ಕೆ ಹೂಂ ಅನ್ನಲೂ ಬೇಕು. ಅಂಥದ್ದು ಮರದಲ್ಲಿ ಸಿಗಲಿಲ್ಲ, ಮರಳಲ್ಲಿ ಸಿಗಲಿಲ್ಲ. ಮನುಷ್ಯನಲ್ಲಿ ಸಿಕ್ಕಿತು.

ಹೆಗಲ ಮೇಲೆ ಗೋಣಿ ಮಡಚಿ ಹಾಕಿಕೊಂಡು, ಮೊಣಕಾಲು ಮಡಿಸಿ, ನಾಯಕರು ನಿಲ್ಲುವ ಹಲಗೆಗೆ ಭುಜ ಕೊಟ್ಟು ಅವನು ಕೂರುತ್ತಿದ್ದ. ಭಾಷಣ ಮುಗಿಯುವವರೆಗೂ ಅಲುಗುವ ಹಾಗಿಲ್ಲ. ಕೆಮ್ಮುವ ಹಾಗಿಲ್ಲ. ತೊಡೆ ಜೋಮು ಹಿಡಿದು ಕಲ್ಲಾಗುತ್ತಿತ್ತು. ನಾಯಕರು ನೀರು ಕುಡಿದು ಲೋಟ ಇಟ್ಟರೆ ಚೆಲ್ಲಿದ್ದು ಹಲಗೆಯ ಸಂದಿಯಿಂದ ಇವನ ಕತ್ತಿಗೆ ಇಳಿಯುತ್ತಿತ್ತು. ಪಕ್ಷದ ಕೇಂದ್ರ ಕಚೇರಿಯ ಎದುರಿನ ಚೌಕದಲ್ಲಿ ಸಭೆ ಇದ್ದರಂತೂ ಇನ್ನೊಂದು ಸೌಭಾಗ್ಯ. ಕಚೇರಿಯ ಶೌಚಾಲಯಗಳ ಕೊಳವೆ ಸರಿಯಾಗಿ ಅವನ ಕಿವಿಯ ಪಕ್ಕದಲ್ಲೇ ಹಾದುಹೋಗುತ್ತಿತ್ತು. ಮೇಲೆ ಬಡವರ ಕಣ್ಣೀರಿನ ಮಾತು, ಪಕ್ಕದಲ್ಲಿ ಅತಿಥಿಗಳ ನೀರಿನ ಸದ್ದು. ಭಾಷಣದ ನಡುವೆ ಯಾರು ಯಾವಾಗ ಎದ್ದು ಹೋಗಿ ಹಗುರಾದರು ಅನ್ನುವುದು ಅವನೊಬ್ಬನಿಗೇ ಗೊತ್ತಾಗುತ್ತಿತ್ತು.

ನಾಯಕರ ರಾಜಕೀಯ ಜೀವನವನ್ನು ಬೇರೆಯವರೆಲ್ಲ ಮುಖದ ಕಡೆಯಿಂದ ನೋಡಿದರು. ಕಂಬ ಅಂಗಾಲಿನ ಕಡೆಯಿಂದ ನೋಡಿದ. ಯುವ ಮುಖಂಡ ಆಗಿದ್ದಾಗ ಟೈರಿನ ತುಂಡು ಹಚ್ಚಿದ ಚಪ್ಪಲಿ. ಆಗ ಹೆಜ್ಜೆ ಹಗುರ, ಮಾತು ಬಿಸಿ. ಮಂತ್ರಿಯಾದಾಗ ಚರ್ಮದ ಅಟ್ಟೆ. ದೇಶಕ್ಕೇ ನಾಯಕ ಆದಾಗ ಹಿಮ್ಮಡಿಗೆ ಮೊಳೆ ಬಂತು. ಚುನಾವಣೆ ಸೋತು ಮಾಜಿ ಆದಾಗ ಅದೇ ಬೂಟು, ಹೊರಗಿನ ಅಂಚು ಸವೆದಿತ್ತು. ಈಗ ವೈದ್ಯರು ಹೇಳಿದ ಮೆತ್ತನೆ ರಬ್ಬರು. ಕಾಲು ಬದಲಾದ ಹಾಗೆ ಮಾತು ಮಾತ್ರ ಬದಲಾಗಲಿಲ್ಲ.

"ನಾನು ನಿಂತಿರುವುದು ದುಡಿಯುವವರ ಹೆಗಲ ಮೇಲೆ!" ಧಡ್.

"ಹೌದು ಸ್ವಾಮಿ," ಅಂತ ಕೆಳಗೆ ಕಂಬ ಗೊಣಗುತ್ತಿದ್ದ. "ಸ್ವಲ್ಪ ಎಡಕ್ಕೆ ನಿಂತ್ಕೊಳ್ಳಿ."

ಅವರನ್ನು ದೇಶದ ನಾಯಕನನ್ನಾಗಿ ಮಾಡಿದ್ದು ಒಂದೇ ಒಂದು ಭಾಷಣ. ಜನ ಅದನ್ನು ಬಾಗಿಲು ಭಾಷಣ ಅಂತಲೇ ಕರೆಯುತ್ತಾರೆ. ಅದರ ತುತ್ತತುದಿಯ ಮಾತು ಹೀಗಿತ್ತು: "ದುಡಿಯುವ ಕೈಗೆ ಬೀಗ ಹಾಕಿದ ಬಾಗಿಲು ಈ ದೇಶದಲ್ಲಿ ಒಂದೂ ಇರಬಾರದು!" ಆ 'ಒಂದೂ' ಅನ್ನುವಾಗ ಹಿಮ್ಮಡಿ ಎಂಥ ಜೋರಲ್ಲಿ ಇಳಿಯಿತು ಅಂದರೆ ಹಲಗೆ ಸೀಳಿತು. ಹಲಗೆಯ ಜೊತೆಗೆ ಕಂಬನ ಭುಜದ ಎಲುಬೂ ಸೀಳಿತು. ಅವನು ಕಿರುಚಿದ. ಮೈಕಿನಲ್ಲಿ ಚೌಕಕ್ಕೆಲ್ಲ ಕೇಳಿಸಿತು. ಜನ ಎದ್ದು ನಿಂತರು. ನಾಯಕರು ಕೈ ಎತ್ತಿ ನಕ್ಕರು.

"ಏನೂ ಆಗಿಲ್ಲ. ಬರೀ ಹಲಗೆ!"

ಜನ ಘೊಳ್ಳೆಂದು ನಕ್ಕರು. ಚಪ್ಪಾಳೆ. ಜಯಕಾರ. ನಾಯಕರು ಗೆದ್ದರು. ಕಂಬನ ಎಲುಬು ಸೊಟ್ಟಗೆ ಕೂಡಿಕೊಂಡಿತು. "ಒಳ್ಳೇದೇ ಆಯ್ತು ಬಿಡೋ," ಅಂದರು ಜೊತೆಯವರು, "ಈಗ ಹಲಗೆ ಕೂರೋಕೆ ಸರಿಯಾಗಿ ಹಳ್ಳ ಬಿದ್ದಿದೆ."

ಇಷ್ಟು ವರ್ಷ ಕೆಳಗೆ ಕೂತು ಕೂತು ನಾಯಕರ ಧ್ವನಿ ಅವನ ಮೈಗೆ ಹತ್ತಿಬಿಟ್ಟಿತ್ತು. ಮೂಗಿನಿಂದ ಶುರುವಾಗಿ ಹೊಟ್ಟೆಗೆ ಇಳಿಯುವ ಆ ರಾಗ, ಮಾತಿನ ನಡುವೆ ಬಾಯಿ ಚಪ್ಪರಿಸುವುದು, ಬಡವರು ಅನ್ನುವ ಮೊದಲು ಸಣ್ಣದೊಂದು ನಿಟ್ಟುಸಿರು, ಎಲ್ಲ. ಕಚೇರಿಯ ಹಿತ್ತಲಿನಲ್ಲಿ ಕೆಲಸದವರು ಊಟಕ್ಕೆ ಕೂತಾಗ ಅವನು ಡಬ್ಬಿಯ ಮುಚ್ಚಳವನ್ನೇ ಮೈಕು ಮಾಡಿಕೊಂಡು ನಿಲ್ಲುತ್ತಿದ್ದ.

"ನನ್ನ ಪ್ರೀತಿಯ... (ನಿಟ್ಟುಸಿರು) ಬಡವರೇ! ನಿಮ್ಮನ್ನು ನಾನು ಹೀಗೇ ಇಟ್ಟುಕೊಳ್ಳುತ್ತೇನೆ!"

ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವಳು ಅವನ ಹೆಂಡತಿ. ಅದೇ ಕಚೇರಿಯಲ್ಲಿ ಶೌಚಾಲಯ ತೊಳೆಯುವ ಕೆಲಸ ಅವಳದು. ಚಿಕ್ಕವರು ದೊಡ್ಡವರು ಎಲ್ಲರೂ ಅವಳನ್ನು ಅಕ್ಕ ಅನ್ನುತ್ತಿದ್ದರು. ಅವಳು ನಗುವಾಗ ಕಾಲಿನ ಮೇಲೆ ಕಾಲು ಒತ್ತಿ, ಗೋಡೆ ಹಿಡಿದುಕೊಂಡು ನಗುತ್ತಿದ್ದಳು.

"ನಗಿಸ್ಬೇಡ ಕಣೋ, ನಿಂಗೆ ಪುಣ್ಯ ಬರುತ್ತೆ! ತಡ್ಕೊಳ್ಳೋಕೆ ಆಗಲ್ಲ!"

ತಡೆದುಕೊಳ್ಳುವುದು ಅಂದರೆ ನಗುವನ್ನಲ್ಲ.

ಆ ಕಚೇರಿಯಲ್ಲಿ ಮಹಡಿಗೆ ಎರಡರಂತೆ ಶೌಚಾಲಯಗಳಿದ್ದವು. ಅಮೃತಶಿಲೆಯ ನೆಲ, ಮುಖ ಕಾಣುವಂಥ ನಲ್ಲಿ. ಎಲ್ಲದಕ್ಕೂ ಬೀಗ. ಬೀಗದ ಕೈಗಳೆಲ್ಲ ವ್ಯವಸ್ಥಾಪಕನ ಸೊಂಟದಲ್ಲಿ. ನಡೆದರೆ ಝಣಝಣ. ಅದಕ್ಕೇ ಅವನಿಗೆ ಗೊಂಚಲು ಅಂತ ಹೆಸರು. ಬೆಳಿಗ್ಗೆ ಒಂದೊಂದೇ ಬಾಗಿಲು ತೆಗೆದು, ಮೂಗಿಗೆ ಕರವಸ್ತ್ರ ಹಿಡಿದು ಹೊರಗೆ ನಿಲ್ಲುತ್ತಿದ್ದ. ಕರವಸ್ತ್ರ ಶೌಚಾಲಯಕ್ಕೋ ಅಕ್ಕನಿಗೋ ಅನ್ನುವುದು ಗೊತ್ತಾಗುತ್ತಿರಲಿಲ್ಲ. ಅವಳು ಮಂಡಿಯೂರಿ ಉಜ್ಜುತ್ತಿದ್ದಳು. ಆಮ್ಲದ ನೀರಿಗೆ ಉಗುರಿನ ಸುತ್ತ ಚರ್ಮ ಎದ್ದಿತ್ತು. ತೊಳೆದು ಮುಗಿದ ಕೂಡಲೇ ಗೊಂಚಲು ಬೀಗ ಹಾಕಿ, ಎರಡು ಸಲ ಎಳೆದು ನೋಡಿ, ಮುಂದಿನ ಬಾಗಿಲಿಗೆ.

ತೊಳೆಯುವವಳು ಹೋಗಬೇಕಾದರೆ? ಕೆಲಸ ಮುಗಿಸಿ ಮನೆಗೆ. ಮನೆ ದೂರ. ಇಲ್ಲವೇ ಹಿತ್ತಲ ಗೋದಾಮಿನ ಹಿಂದೆ, ಚಾಲಕರು ಸಿಗರೇಟು ಸೇದುತ್ತಾ ನಿಲ್ಲುವ ಕಡೆ. ಅದಕ್ಕೇ ಅಕ್ಕ ಬೆಳಿಗ್ಗೆಯಿಂದ ನೀರು ಮುಟ್ಟುತ್ತಿರಲಿಲ್ಲ. ಬಕೆಟ್ಟುಗಟ್ಟಲೆ ನೀರು ಸುರಿಯುತ್ತಾ ಒಣ ತುಟಿ ನೆಕ್ಕಿಕೊಳ್ಳುತ್ತಿದ್ದಳು. ಉರಿ ಶುರುವಾಯಿತು. ಜ್ವರ ಬಂತು. ಡಾಕ್ಟರಮ್ಮ ಬೈದಳು.

"ನೀರು ಕುಡೀಬೇಕು. ಬಂದಾಗ ಹೋಗ್ಬೇಕು. ಇಷ್ಟು ಸಣ್ಣ ವಿಷಯ ನಿಮಗೆ ಗೊತ್ತಾಗಲ್ವಾ? ಹೀಗೇ ಕಟ್ಕೊಂಡಿದ್ರೆ ಮೂತ್ರಪಿಂಡ ಕೆಟ್ಟುಹೋಗುತ್ತೆ."

ಅಕ್ಕ ಗೊಂಚಲು ಹತ್ತಿರ ಹೋದಳು.

"ಅಣ್ಣ, ಒಂದು ಬಾಗಿಲು ನಮಗೂ ಬಿಡಿ. ಮೂಲೇದಾದ್ರೂ ಸರಿ."

"ಅವು ಅತಿಥಿಗಳಿಗಮ್ಮ. ನೀವೆಲ್ಲ ಹೋದ್ರೆ ಆಮೇಲೆ ತೊಳೆಯೋರು ಯಾರು?"

"ನಾನೇ ಅಲ್ವಾ ಅಣ್ಣ?"

ಗೊಂಚಲು ಸೊಂಟದ ಕೀಲಿಗಳನ್ನು ಒಮ್ಮೆ ಮುಟ್ಟಿ ನೋಡಿಕೊಂಡ. ಆಮೇಲೆ ತನ್ನ ಸ್ಥಾನ ನೆನಪಾಯಿತು. "ಬಾಯಿ ಜಾಸ್ತಿ ಆಯ್ತು ನಿಂದು."

ಅದಾದ ಕೆಲವು ದಿನಕ್ಕೆ ಮೆಟ್ಟಿಲಿನ ಮೇಲೆ ಅದು ನಡೆಯಿತು. ಕಂಬ ಮತ್ತು ಅವನ ಜೊತೆಯವರು ಸಭಾಂಗಣಕ್ಕೆ ಹಲಗೆ ಹೊತ್ತು ಮೇಲೆ ಹತ್ತುತ್ತಿದ್ದರು. ಅಕ್ಕ ತುಂಬಿದ ಬಕೆಟ್ಟು ಹಿಡಿದು ಕೆಳಗೆ ಇಳಿಯುತ್ತಿದ್ದಳು. ಗೋಡೆಯ ಮೇಲೆ ನಾಯಕರ ದೊಡ್ಡ ಚಿತ್ರ, ಅದರ ಕೆಳಗೆ ಚಿನ್ನದ ಅಕ್ಷರದಲ್ಲಿ ಬಾಗಿಲಿನ ಮಾತು. ಅವಳಿಗೆ ಒಂದು ಕೆಮ್ಮು ಬಂತು. ಕಾಲು ನಿಂತಿತು. ಕಂಬ ಕೆಳಗಿನ ಮೆಟ್ಟಿಲಲ್ಲಿದ್ದ. ಅವನಿಗೆ ಮೊದಲು ಕಂಡದ್ದು ಅವಳ ಪಾದ. ಪಾದದ ಸುತ್ತ ಒದ್ದೆ ಹರಡುತ್ತಿತ್ತು. ಆಮೇಲೆ ಅವಳ ಮುಖ. ಯಾರಾದರೂ ನೋಡುವ ಮೊದಲೇ ಅವಳು ಬಕೆಟ್ಟನ್ನು ಎತ್ತಿ ತನ್ನ ಸೊಂಟದ ಮೇಲೆ ಸುರಿದುಕೊಂಡು ಧೊಪ್ಪನೆ ಕೂತಳು.

"ಅಯ್ಯೋ, ಜಾರ್ಬಿಟ್ಟೆ!"

ಎಲ್ಲರೂ ನಕ್ಕರು. ಗೊಂಚಲು ಕರವಸ್ತ್ರ ತೆಗೆದ. "ಕಣ್ಣು ಕಾಣಲ್ವಾ? ಒರೆಸು ಮೊದಲು."

ಅವಳು ಒರೆಸಿದಳು. ಮೊದಲ ಮೆಟ್ಟಿಲಿಂದ ಕೊನೆಯ ಮೆಟ್ಟಿಲವರೆಗೆ. ಕಂಬನ ಹೆಗಲ ಮೇಲೆ ಹಲಗೆ ಇತ್ತು. ಅವನು ಹಲಗೆ ಇಳಿಸಲಿಲ್ಲ. ಆ ಗಳಿಗೆಯಲ್ಲಿ ಅವನಿಗೆ ಬಂದದ್ದು ಆ ಒಂದೇ ಕೆಲಸ, ಹಲಗೆ ಹಿಡಿದು ನಿಲ್ಲುವುದು.

ಮನೆಯಲ್ಲಿ ಅವಳು ಅಳಲಿಲ್ಲ. "ಒಂದು ಬಕೆಟ್ ನೀರು ದಂಡ ಆಯ್ತು ನೋಡು," ಅಂದಳು. ಮರುದಿನ ಹಿತ್ತಲಲ್ಲಿ ಅವನು ಡಬ್ಬಿಯ ಮುಚ್ಚಳ ಎತ್ತಿದರೆ ಅವಳು ಎದ್ದು ಹೋದಳು. ಅವತ್ತಿಂದ ಅವಳು ನಗುವುದನ್ನೇ ಬಿಟ್ಟಳು. ನಕ್ಕರೆ ಏನಾದೀತೋ ಅನ್ನುವ ಭಯಕ್ಕೆ.

ಅಷ್ಟರಲ್ಲಿ ಬಾಗಿಲು ಭಾಷಣದ ಬೆಳ್ಳಿಹಬ್ಬ ಬಂತು. ಕಚೇರಿಯ ಎದುರಿನ ಅದೇ ಚೌಕ, ಅದೇ ಜಾಗ, ಅದೇ ಭಾಷಣ, ಅದೇ ನಾಯಕರು. ನೇರ ಪ್ರಸಾರ. ಸೋತ ಪಕ್ಷಕ್ಕೆ ಮತ್ತೆ ಜೀವ ಬರಬೇಕಾದರೆ ಆ ಭಾಷಣ ಮತ್ತೊಮ್ಮೆ ಆಗಲೇಬೇಕು ಅಂತ ಮೇಲಿನವರ ಲೆಕ್ಕಾಚಾರ. ಒಂದೇ ತೊಡಕು. ನಾಯಕರ ಗಂಟಲಿಗೆ ಶಸ್ತ್ರಚಿಕಿತ್ಸೆ ಆಗಿತ್ತು. ಹತ್ತಿರ ಕೂತವರಿಗೆ ಮಾತ್ರ ಕೇಳುವ ಪಿಸುಮಾತು ಉಳಿದಿತ್ತು. ಜನಕ್ಕೆ ಇದು ಗೊತ್ತಿರಲಿಲ್ಲ. ಗೊತ್ತಾಗಲೂ ಬಾರದು.

"ಹಳೇ ಧ್ವನಿಸುರುಳಿ ಹಾಕೋಣ, ಅವರು ತುಟಿ ಆಡಿಸ್ಲಿ," ಅಂದರು ಮೇಲಿನವರು. ಸುರುಳಿ ತಂದು ಕೇಳಿದರು. ಎಲ್ಲ ಚೆನ್ನಾಗಿತ್ತು. ಸರಿಯಾಗಿ ಬಾಗಿಲಿನ ಮಾತು ಬಂದಾಗ, 'ಒಂದೂ' ಅನ್ನುವುದರ ಮೇಲೆಯೇ ಒಂದು ಕಿರುಚಾಟ. ಕತ್ತರಿಸಿದರೆ ಮಾತೇ ಹೋಗುತ್ತದೆ. ಇಟ್ಟುಕೊಂಡರೆ ಬಾಗಿಲಿಗೆ ಯಾರೋ ಬೆರಳು ಸಿಕ್ಕಿಸಿಕೊಂಡ ಹಾಗೆ ಕೇಳಿಸುತ್ತದೆ. ಕಂಬನ ಎಲುಬು ಇಷ್ಟು ವರ್ಷ ಆದ ಮೇಲೆ ಪಕ್ಷಕ್ಕೆ ಅಡ್ಡ ಬಂದಿತ್ತು.

ಚೌಕದಲ್ಲಿ ವೇದಿಕೆ ಏಳುತ್ತಿತ್ತು. ಕಂಬ ಕೆಳಗೆ ಕೂತು ಹಲಗೆ ಪರೀಕ್ಷೆ ಮಾಡುತ್ತಿದ್ದ. ಅಕ್ಕ ಮೇಲೆ ಗುಡಿಸುತ್ತಿದ್ದಳು, ಮುಖ ಗಂಟಿಕ್ಕಿಕೊಂಡು. ಇವಳನ್ನು ಒಂದು ಸಲ ನಗಿಸಲೇಬೇಕು ಅಂತ ಅವನಿಗೆ ಹಟ ಬಂತು. ಸಂದಿಗೆ ಬಾಯಿಟ್ಟು ಬಿಟ್ಟ, ಮೂಗಿನಿಂದ ಹೊಟ್ಟೆವರೆಗೆ:

"ಯಾರಲ್ಲಿ! ನನ್ನ ಕುರ್ಚಿ ಎಲ್ರೀ?"

ಶಾಮಿಯಾನದ ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ ಗೊಂಚಲು ಹಾರಿಬಿದ್ದ. ಚಹಾ ಅಂಗಿಯ ಮೇಲೆ. ಝಣಝಣ ಓಡಿ ಬಂದು ಖಾಲಿ ವೇದಿಕೆಯ ಎದುರು ಬೆನ್ನು ಬಾಗಿಸಿ ನಿಂತ. "ಬಂದೆ ಸ್ವಾಮಿ! ತಂದೆ ಸ್ವಾಮಿ!"

ಕೆಲಸದವರು ಬಿದ್ದು ಬಿದ್ದು ನಕ್ಕರು. ಅಕ್ಕ ಪೊರಕೆಯ ಹಿಂದೆ ಮುಖ ಮುಚ್ಚಿಕೊಂಡಳು. ಗೊಂಚಲು ಮಾತ್ರ ಕೋಪ ಮಾಡಿಕೊಳ್ಳಲಿಲ್ಲ. ಬಗ್ಗಿ ವೇದಿಕೆಯ ಕೆಳಗೆ ನೋಡಿದ. ಅಂಗಿಯಿಂದ ಚಹಾ ತೊಟ್ಟಿಕ್ಕುತ್ತಿತ್ತು. ಮುಖದ ಮೇಲೆ ಬೆಳಕು ಮೂಡುತ್ತಿತ್ತು.

"ಇನ್ನೊಂದ್ಸಲ ಹೇಳು," ಅಂದ.

ಹೀಗೆ ಕಂಬನಿಗೆ ಬಡ್ತಿ ಬಂತು. ಹೆಗಲಿನ ಜೊತೆ ಗಂಟಲನ್ನೂ ಕೊಡುವ ಬಡ್ತಿ. ಕೆಳಗೆ ಅವನ ಕೈಗೊಂದು ಜೀವಂತ ಮೈಕು. ಮೇಲೆ ನಾಯಕರ ಮುಖದ ಮುಂದೆ ಹೂಗುಚ್ಛದ ಹಾಗೆ ಹತ್ತಾರು ಮೈಕು, ಎಲ್ಲ ಸತ್ತವು, ಬಾಯಿ ಮರೆಸುವುದಕ್ಕೆ ಮಾತ್ರ.

"ಆಯ್ತು," ಅಂದ ಕಂಬ. "ನಂದೊಂದು ಬೇಡಿಕೆ. ಕೆಲಸದವರಿಗೆ ಒಂದು ಬಾಗಿಲು. ಒಂದು ಕೀಲಿ."

ಗೊಂಚಲು ನಿಟ್ಟುಸಿರು ಬಿಟ್ಟ. "ನೋಡು ಕಂಬ. ಇವತ್ತು ಬಾಗಿಲು ಅಂತೀಯ, ನಾಳೆ ಕುರ್ಚಿ ಅಂತೀಯ. ಭಾಷಣ ಬೇರೆ, ಕಕ್ಕಸು ಬೇರೆ. ಎರಡನ್ನೂ ಕಲಸಬೇಡ. ಮಾಡಲ್ಲ ಅಂದ್ರೆ ಹೇಳು, ನೀನೂ ಬೇಡ ನಿನ್ನ ಹೆಂಡ್ತಿನೂ ಬೇಡ."

ತಾಲೀಮಿಗೆ ನಾಯಕರ ಮುಂದೆ ಅವನನ್ನು ನಿಲ್ಲಿಸಿದರು. ಅಷ್ಟು ವರ್ಷದಲ್ಲಿ ಮೊದಲ ಸಲ ಅವನು ಅವರ ಮುಖವನ್ನು ಹತ್ತಿರದಿಂದ ನೋಡಿದ. ಪಾದದಷ್ಟು ಪರಿಚಯ ಇರಲಿಲ್ಲ. ಕಂಬ ಬಾಯಿ ತೆರೆದ. ನಾಯಕರು ಕಣ್ಣು ಮುಚ್ಚಿ ಕೇಳಿದರು. ಕಣ್ಣಲ್ಲಿ ನೀರು ತುಂಬಿತು.

"ಎಷ್ಟು ಚೆನ್ನಾಗಿ ಮಾತಾಡ್ತೀನಿ ನಾನು!" ಅಂತ ಪಿಸುಗುಟ್ಟಿದರು.

ಸಂಕೇತಗಳನ್ನು ಗೊತ್ತು ಮಾಡಿಕೊಂಡರು. ಹಿಮ್ಮಡಿ ಒಂದು ಸಲ ತಟ್ಟಿದರೆ ಚಪ್ಪಾಳೆಗೆ ನಿಲ್ಲಬೇಕು. ಎರಡು ಸಲ ತಟ್ಟಿದರೆ ಮುಂದುವರಿಸಬೇಕು. ಹಿಮ್ಮಡಿ ಉಜ್ಜಿದರೆ ಅಲ್ಲಿಗೇ ಮುಗಿಸಬೇಕು. ಎಲ್ಲ ಆದ ಮೇಲೆ ಕಂಬ ಧೈರ್ಯ ಮಾಡಿದ.

"ಸ್ವಾಮಿ, ಆವತ್ತು ಒಂದು ಹಲಗೆ ಮುರಿದಿತ್ತು. ನೆನಪಿದೆಯಾ?"

ನಾಯಕರ ಮುಖ ಅರಳಿತು. "ಮರೆಯೋದುಂಟಾ! ಒಳ್ಳೇ ಹಲಗೆ. ಸರಿಯಾದ ಸಮಯಕ್ಕೆ ಮುರೀತು. ಜನ ನಕ್ಕರು ನೋಡು, ಆ ನಗುವೇ ನನ್ನನ್ನ ಗೆಲ್ಲಿಸಿದ್ದು. ಜನ ಅತ್ತು ಓಟು ಹಾಕಲ್ಲಪ್ಪ, ನಕ್ಕು ಹಾಕ್ತಾರೆ."

"ಕೆಳಗೆ ಒಬ್ಬ..."

ನಾಯಕರು ಬೆರಳೆತ್ತಿದರು. "ಹೆಚ್ಚು ಮಾತು ಬೇಡ. ಗಂಟಲು ನಿಂದು, ಮಾತು ನಂದು."

ಮನೆಗೆ ಬಂದು ಇದನ್ನೆಲ್ಲ ಹೇಳಿದ. ಅಕ್ಕ ಪಾತ್ರೆ ಉಜ್ಜುತ್ತಿದ್ದವಳು ಕೈ ನಿಲ್ಲಿಸಿದಳು.

"ಗೊಂಚಲು ಹತ್ರ ಯಾಕೆ ಕೇಳೋಕೆ ಹೋದೆ?"

"ಇನ್ಯಾರ ಹತ್ರ ಕೇಳ್ಲಿ?"

"ಅಯ್ಯೋ ಮಂಕೆ! ಇಡೀ ದೇಶಕ್ಕೆ ಅಪ್ಪಣೆ ಕೊಡೋ ಬಾಯಿ ನಿನ್ನ ಹತ್ರ ಇದೆ. ಅದರಲ್ಲೇ ಕೇಳು."

ಕಂಬ ಸುತ್ತ ನೋಡಿದ, ಗೋಡೆಗೆ ಕಿವಿ ಇದೆಯೇನೋ ಅನ್ನುವ ಹಾಗೆ. "ಕೆಲಸ ಹೋಗುತ್ತೆ ಕಣೇ."

"ಹೋಗ್ಲಿ. ಕೆಲಸ ಇಟ್ಕೊಂಡು ನನ್ನ ಹೊಟ್ಟೆ ಒಳಗೆ ಏನು ಉಳೀತು? ಅವರ ಮಾತು ನೀನು ಆಡ್ಬೇಕು, ಅವರ ಹೊಲಸು ನಾನು ತೆಗೀಬೇಕು. ನನ್ನ ಉಚ್ಚೆಗೂ ಅವರ ಅಪ್ಪಣೆ ಬೇಕಾ?" ಅವಳು ಪಾತ್ರೆ ಕವುಚಿದಳು. "ಆವತ್ತು ನಾನು ಬೆಳಿಗ್ಗೆಯಿಂದ ನೀರು ಕುಡಿದುಕೊಂಡೇ ಬರ್ತೀನಿ. ಹೊಟ್ಟೆ ತುಂಬಾ. ಮುಂದಿಂದು ನಿನಗೆ ಬಿಟ್ಟಿದ್ದು."

ಹೇಳಿದ ಹಾಗೇ ಮಾಡಿದಳು. ಆ ದಿನ ಬೆಳಿಗ್ಗೆ ಎದ್ದು ಒಂದು ಚೊಂಬು. ಹೊರಡುವಾಗ ಇನ್ನೊಂದು. ಚೌಕ ತಲುಪಿ ಮತ್ತೊಂದು. ಪ್ರತಿ ಸಲವೂ ಗಂಡನ ಕಣ್ಣಿಗೆ ಕಣ್ಣಿಟ್ಟು ಕುಡಿದಳು.

ಚೌಕ ತುಂಬಿತ್ತು. ಬಿಸಿಲು ನೆತ್ತಿಗೆ ಬಂದಿತ್ತು. ಕಂಬ ಕೆಳಗೆ, ಹೆಗಲ ಮೇಲೆ ಹಲಗೆ, ಕೈಯಲ್ಲಿ ಮೈಕು. ನಾಯಕರ ರಬ್ಬರು ಪಾದ ಮೆಲ್ಲಗೆ ಬಂದು ಅವನ ಸೊಟ್ಟ ಎಲುಬಿನ ಮೇಲೆ ನಿಂತಿತು. ಅವರ ಬೆನ್ನ ಹಿಂದೆ ಗೊಂಚಲು. ವೇದಿಕೆಯ ಅಂಚಿನಲ್ಲಿ, ಚೆಲ್ಲಿದ್ದು ಒರೆಸುವುದಕ್ಕೆ ಅಂತ ಬಟ್ಟೆ ಹಿಡಿದು ಅಕ್ಕ. ಅವಳ ಎರಡು ಪಾದ ಮಾತ್ರ ಕಂಬನಿಗೆ ಕಾಣುತ್ತಿತ್ತು. ಒಂದರ ಮೇಲೊಂದು ಒತ್ತಿಕೊಂಡಿದ್ದವು.

"ನನ್ನ ಪ್ರೀತಿಯ..." ನಿಟ್ಟುಸಿರು. "...ಬಡವರೇ!"

ಚೌಕ ಹುಚ್ಚೆದ್ದು ಕುಣಿಯಿತು. ವಯಸ್ಸಾದವರು ಕಣ್ಣೊರೆಸಿಕೊಂಡರು. ಧ್ವನಿ ಅದೇ! ಒಂಚೂರೂ ಮುಕ್ಕಾಗಿಲ್ಲ! ನಾಯಕರು ತುಟಿ ಆಡಿಸಿದರು, ಕೈ ಬೀಸಿದರು, ತಾವೇ ಮಾತಾಡುತ್ತಿದ್ದೇವೆ ಅಂತ ಸ್ವಲ್ಪ ಹೊತ್ತಿಗೆ ಅವರಿಗೇ ನಂಬಿಕೆ ಬಂದುಬಿಟ್ಟಿತು. ಒಂದು ಸಲ ತಟ್ಟು, ಚಪ್ಪಾಳೆ. ಎರಡು ಸಲ ತಟ್ಟು, ಮುಂದಕ್ಕೆ. ಅಕ್ಕನ ಪಾದ ಅದಲು ಬದಲಾಗುತ್ತಿತ್ತು. ಬೆರಳುಗಳು ಮಡಚಿಕೊಂಡವು.

"ದುಡಿಯುವ ಕೈಗೆ ಬೀಗ ಹಾಕಿದ ಬಾಗಿಲು ಈ ದೇಶದಲ್ಲಿ ಒಂದೂ ಇರಬಾರದು!"

ಈ ಸಲ ಹಲಗೆ ಮುರಿಯಲಿಲ್ಲ. ಚಪ್ಪಾಳೆ ಮುಗಿಲಿಗೆ ಹೋಯಿತು. ಅಲ್ಲಿಗೆ ಭಾಷಣ ಮುಗಿಯಬೇಕು. ನಾಯಕರು ಕೈ ಎತ್ತಿ ನಗು ತಂದುಕೊಂಡರು.

"ಆದರೆ," ಅಂದಿತು ನಾಯಕರ ಧ್ವನಿ.

ನಾಯಕರ ಬಾಯಿ ಮುಚ್ಚಿತ್ತು. ಗಡಿಬಿಡಿಯಿಂದ ತೆರೆದರು.

"ಆದರೆ ಒಂದು ಇದೆ. ನನ್ನ ಕಚೇರಿಯಲ್ಲೇ ಇದೆ. ಈ ನನ್ನ ಬೆನ್ನ ಹಿಂದೆ."

ಹಿಮ್ಮಡಿ ಉಜ್ಜಿತು. ಮುಗಿಸು.

ಕಂಬ ಮುಗಿಸಲಿಲ್ಲ. ಆ ಕಾಲು ಹೇಳಿದ್ದನ್ನು ಅವನು ಕೇಳದೆ ಇದ್ದದ್ದು ಅದೇ ಮೊದಲು. ಹಿಮ್ಮಡಿ ಮತ್ತೆ ಉಜ್ಜಿತು, ಎಲುಬು ನುಗ್ಗಾಗುವ ಹಾಗೆ ಉಜ್ಜಿತು. ಆಗ ಕಂಬ ಮಾತಾಡದೆ ಹೆಗಲನ್ನು ಒಂದು ಬೆರಳಿನಷ್ಟು ಕೆಳಗೆ ಇಳಿಸಿದ.

ಹಲಗೆ ಕುಸಿಯಿತು. ಒಂದೇ ಬೆರಳು. ನಾಯಕರು ಮೈಕುಗಳ ಗುಚ್ಛವನ್ನು ಗಬಕ್ಕನೆ ತಬ್ಬಿಕೊಂಡರು. ಪಾದ ಗಪ್‌ಚಿಪ್ಪಾಯಿತು.

"ಏನೂ ಆಗಿಲ್ಲ," ಅಂದಿತು ಅವರ ಧ್ವನಿ ಇಡೀ ಚೌಕಕ್ಕೆ. "ಆವತ್ತು ನಾನು ಬರೀ ಹಲಗೆ ಅಂದಿದ್ದೆ. ಅದು ಹಲಗೆ ಅಲ್ಲ. ಮನುಷ್ಯ. ಅವನಿಗೆ ಎಲುಬಿತ್ತು. ಅವನಿಗೆ ಒಬ್ಬ ಹೆಂಡತಿ ಇದ್ದಾಳೆ. ಈ ಕಚೇರಿಯ ಶೌಚಾಲಯಗಳನ್ನೆಲ್ಲ ತೊಳೆಯುವವಳು ಅವಳು. ತೊಳೆದ ಮೇಲೆ ಅವಳ ಮುಖದ ಮೇಲೇ ಬೀಗ ಹಾಕ್ತೀವಿ ನಾವು. ಕಟ್ಟಿಕೊಂಡು ಕಟ್ಟಿಕೊಂಡು ಅವಳಿಗೆ ರೋಗ ಹಿಡಿಸಿದ್ದೀವಿ. ವ್ಯವಸ್ಥಾಪಕರೇ! ಬನ್ನಿ ಮುಂದೆ. ಆ ಗೊಂಚಲು ಬಿಚ್ಚಿ."

ಕ್ಯಾಮೆರಾಗಳೆಲ್ಲ ಗೊಂಚಲಿನ ಸೊಂಟಕ್ಕೆ ತಿರುಗಿದವು.

ಮಾತಾಡುತ್ತಿರುವುದು ಯಾರು ಅಂತ ಗೊಂಚಲಿಗೆ ಚೆನ್ನಾಗಿ ಗೊತ್ತು. ಕೂಗಿ ಹೇಳಬಹುದಿತ್ತು. ಹೇಳಿದರೆ ಭಾಷಣವೇ ಮೋಸ ಅಂತ ಜಗತ್ತಿಗೆ ಗೊತ್ತಾಗುತ್ತದೆ. ಹೇಳದಿದ್ದರೆ ಕೀಲಿ ಹೋಗುತ್ತದೆ. ಅವನು ನಾಯಕರ ಮುಖ ನೋಡಿದ. ನಾಯಕರ ತುಟಿಗಳು ಒಂದು ಮಾತು ಹಿಂದೆ ಬಿದ್ದು ಓಡಿ ಬರುತ್ತಿದ್ದವು, ಬಸ್ಸು ತಪ್ಪಿಸಿಕೊಂಡವರ ಹಾಗೆ. ತಾವು ಏನು ಹೇಳುತ್ತಿದ್ದೇವೆ ಅನ್ನುವುದು ಹೇಳಿದ ಮೇಲೆ ಅವರಿಗೆ ತಿಳಿಯುತ್ತಿತ್ತು.

"ಬೇಗ ರೀ! ತಡ್ಕೊಳ್ಳೋಕೆ ಆಗ್ತಾ ಇಲ್ಲ ಅವಳಿಗೆ!"

ಜನ ಕೂಗಿದರು. "ಕೊಡಯ್ಯ! ಕೊಡೋ!" ಗೊಂಚಲು ಸೊಂಟಕ್ಕೆ ಕೈ ಹಾಕಿದ. ಒಂದು ಕೀಲಿ ಬಿಚ್ಚಿ ಹಿಡಿದ. ಇನ್ನೊಂದು ಕೈ ಅಭ್ಯಾಸಬಲದಿಂದ ಕರವಸ್ತ್ರಕ್ಕೆ ಹೋಯಿತು. ಕ್ಯಾಮೆರಾ ನೋಡಿ ವಾಪಸ್ ಬಂತು. ಅಕ್ಕ ಬಟ್ಟೆಯನ್ನು ಅವನ ಹೆಗಲಿಗೆ ಹಾಕಿ, ಕೀಲಿ ಕಿತ್ತುಕೊಂಡು ಓಡಿದಳು. ಮೆಟ್ಟಿಲಿಳಿದು, ಅಂಗಳ ದಾಟಿ, ಕಚೇರಿಯ ಮುಂಬಾಗಿಲಿನಿಂದ ಒಳಕ್ಕೆ.

"ನಾವೆಲ್ಲ ಕಾಯೋಣ," ಅಂದಿತು ನಾಯಕರ ಧ್ವನಿ. "ಇಷ್ಟು ವರ್ಷ ಅವಳು ಕಾದಿದ್ದಾಳೆ."

ಇಡೀ ಚೌಕ ಕಾಯಿತು. ಟೀವಿ ಮುಂದೆ ದೇಶ ಕಾಯಿತು. ಪಕ್ಷದ ಹಿರಿಯರು ಗಂಭೀರವಾಗಿ ಎದ್ದು ನಿಂತರು. ಅವರು ನಿಂತದ್ದು ನೋಡಿ ಉಳಿದವರೂ ನಿಂತರು. ಏನು ಮಾಡಬೇಕೋ ಗೊತ್ತಾಗದೆ ವಾದ್ಯದವರು ತುತ್ತೂರಿ ಎತ್ತಿ ಮತ್ತೆ ಇಳಿಸಿದರು. ಕಂಬ ಕಿವಿಯನ್ನು ಕೊಳವೆಗೆ ಒತ್ತಿದ. ಎಷ್ಟೋ ಹೊತ್ತು ಏನೂ ಇಲ್ಲ. ಆಮೇಲೆ ಬಂತು. ದೂರದಿಂದ, ಸುರುಳಿ ಸುರುಳಿಯಾಗಿ, ಭರ್ರನೆ. ಮೈಕು ಪಕ್ಕದಲ್ಲೇ ಇತ್ತು. ಚೌಕದಲ್ಲಿ ಎಲ್ಲರಿಗೂ ಕೇಳಿಸಿತು.

ಕಂಬನ ಕಣ್ಣಲ್ಲಿ ನೀರು ಬಂತು. ಒರೆಸಲು ಕೈ ಇರಲಿಲ್ಲ. ಒಂದರಲ್ಲಿ ಮೈಕು, ಇನ್ನೊಂದು ಹಲಗೆಗೆ.

ಅಕ್ಕ ವಾಪಸ್ ನಡೆದೇ ಬಂದಳು, ಆರಾಮಾಗಿ, ಕೈ ಒರೆಸಿಕೊಳ್ಳುತ್ತಾ. ಗೊಂಚಲು ಹಲ್ಲು ಕಚ್ಚಿ ನಗುತ್ತಾ ಕೈ ಚಾಚಿದ. "ಆಯ್ತಲ್ಲಮ್ಮ. ಕೀಲಿ ಕೊಡು."

ಅಕ್ಕ ಅವನ ಕೈ ನೋಡಿದಳು. ಕೀಲಿಯನ್ನು ತನ್ನ ಮೇಲಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡಳು.

"ನಾಳೆನೂ ಬರುತ್ತೆ," ಅಂದಳು.

ಮೇಲೆ ಹಲಗೆ ಅದುರಿತು. ಕಂಬ ಹಿಮ್ಮಡಿ ಬಿತ್ತು ಅಂದುಕೊಂಡು ಹೆಗಲು ಗಟ್ಟಿ ಮಾಡಿದ. ಹಿಮ್ಮಡಿ ಬೀಳಲಿಲ್ಲ. ಅದುರುತ್ತಲೇ ಇತ್ತು. ಸಂದಿಯಿಂದ ನೋಡಿದ. ನಾಯಕರು ಮೈಕಿನ ಗುಚ್ಛದ ಮೇಲೆ ಬಗ್ಗಿಬಿಟ್ಟಿದ್ದರು. ಭುಜ ಕುಲುಕುತ್ತಿತ್ತು. ಚಿಕಿತ್ಸೆ ಮಾಡಿದ ಗಂಟಲಿನಿಂದ, ಎಷ್ಟೋ ವರ್ಷ ಯಾರೂ ತೆಗೆಯದೇ ಇದ್ದ ಬಾಗಿಲು ಕಿರುಗುಟ್ಟಿದ ಹಾಗೆ, ಏನೋ ಹೊರಗೆ ಬರುತ್ತಿತ್ತು. ಅದು ಯಾರೂ ಬರೆದುಕೊಟ್ಟದ್ದಾಗಿರಲಿಲ್ಲ. ಪಕ್ಕದವರಿಗೂ ಸರಿಯಾಗಿ ಕೇಳಿಸುತ್ತಿರಲಿಲ್ಲ. ಮೇಲಿನ ಮೈಕುಗಳೆಲ್ಲ ಸತ್ತಿದ್ದವಲ್ಲ.

ಕಂಬ ತನ್ನ ಮೈಕನ್ನು ಎತ್ತಿ ಹಲಗೆಯ ಸಂದಿಗೆ ಹಿಡಿದ.

ಚೌಕದಲ್ಲಿ ಜನ ನಗುತ್ತಿದ್ದರು, ಅಕ್ಕ ಗೋಡೆ ಹಿಡಿಯದೆ, ಕಾಲು ಒತ್ತದೆ ನಗುತ್ತಿದ್ದಳು, ಗೊಂಚಲು ಕೂಡ ಬೇರೆ ದಾರಿ ಇಲ್ಲದೆ ನಗುತ್ತಿದ್ದ. ಎಲ್ಲರನ್ನೂ ಮೀರಿಸಿ, ಸುತ್ತಲಿನ ಕಂಬಗಳಿಗೆ ಕಟ್ಟಿದ ಒಂದೊಂದು ಧ್ವನಿವರ್ಧಕದಿಂದಲೂ, ತಮ್ಮದೇ ಗಂಟಲಿನಲ್ಲಿ, ನಾಯಕರು ನಗುತ್ತಿದ್ದರು.